ಬೃಹತ್ ಇಂಧನ ಯೋಜನೆಗಳ ಅನುಮತಿ ಸುಧಾರಣೆ ಮತ್ತು ಗ್ರಾಮ ಪಂಚಾಯಿತಿ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸುರಪುರ ಸೀಮೆಯ ಬೋನಾಳ ಕೆರೆ ನಾಯಕ ಅರಸರ ಕಾಲದ್ದು. 19ನೆಯ ಶತಮಾನದ ಮಧ್ಯಭಾಗದಲ್ಲಿ ಕ್ಯಾಪ್ಟನ್ ಮೆಡೋಸ್ ಟೇಲರ್ ಈ ಸಂಸ್ಥಾನದ ಆಡಳಿತ ನೋಡುತ್ತಿದ್ದಾಗ ಅದು ವಿಸ್ತಾರಗೊಂಡಿತು. ಇಂದು ಅದು ಪಕ್ಷಿಧಾಮವೆಂದು ಹೆಸರಾಗಿದೆ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳೂ ಇಲ್ಲಿನ ನೀರಿಗೆ ಇಳಿಯುತ್ತವೆ. ಕೆರೆಯ ಆಚೀಚಿನ ಸೀಮೆಯಲ್ಲಿ ಒಣಬೇಸಾಯದ ಹೊಲಗಳಿವೆ, ಕುರಿ ಮೇಯುವ ಗಾಯರಾಣಗಳಿವೆ, ಕಲ್ಲುಮರಡಿಗಳಿವೆ, ವರ್ಷದ ಬಹುಭಾಗ ಮೋಡವಿಲ್ಲದ ಬಿಸಿಲಿದೆ. ಸೌರ ಮತ್ತು ಪವನ ವಿದ್ಯುತ್ ಕಂಪನಿಗಳು ಹುಡುಕುವುದು ಇಂತಹ ಸೀಮೆಯನ್ನೇ. ಹಾಗೊಂದು ಯೋಜನೆಯ ಅರ್ಜಿ ನಾಳೆ ಬೋನಾಳದಂತಹ ಊರಿನ ಪಂಚಾಯಿತಿಗೆ ಬಂದರೆ, ಅದರ ಕುರಿತು ಊರು ಮಾತನಾಡಬೇಕಾದದ್ದು ಯಾವ ಹಂತದಲ್ಲಿ, ಯಾವ ಕಾಗದದ ಮೇಲೆ ಎಂಬುದೇ ಈ ಉಪನ್ಯಾಸದ ವಿಷಯ.

ಕಳೆದ ಎರಡು ದಶಕಗಳಲ್ಲಿ ಇಂಧನ ಯೋಜನೆಗಳಿಗೆ ಬೇಕಾದ ಅನುಮತಿಗಳನ್ನು ಸರಳಗೊಳಿಸುವ ಕಾರ್ಯ ಒಂದೊಂದೇ ಹೆಜ್ಜೆಯಾಗಿ ನಡೆದಿದೆ. 2003ರ ವಿದ್ಯುತ್ ಕಾಯ್ದೆಯು ವಿದ್ಯುತ್ ಉತ್ಪಾದನೆಗೆ ಪರವಾನಗಿಯ ಅಗತ್ಯವನ್ನೇ ತೆಗೆದುಹಾಕಿತು. 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪಟ್ಟಿಯಲ್ಲಿ ಕಲ್ಲಿದ್ದಲು, ಜಲ ಹಾಗೂ ಪರಮಾಣು ವಿದ್ಯುತ್ ಯೋಜನೆಗಳಿವೆ. ಸೌರಫಲಕ ಮತ್ತು ಗಾಳಿಯಂತ್ರಗಳಿಲ್ಲ. ಆದ್ದರಿಂದ ಸಾವಿರಾರು ಎಕರೆಯ ಸೌರ ಉದ್ಯಾನಕ್ಕೂ ಆ ಅಧಿಸೂಚನೆಯಡಿ ಸಾರ್ವಜನಿಕ ಆಲಿಕೆ ನಡೆಯಬೇಕಾಗಿಲ್ಲ. ಕರ್ನಾಟಕದಲ್ಲಿ 2020ರ ಭೂಸುಧಾರಣಾ ತಿದ್ದುಪಡಿಯು 79ಎ ಮತ್ತು 79ಬಿ ಪ್ರಕರಣಗಳನ್ನು ರದ್ದುಪಡಿಸಿದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಅದೇ ವರ್ಷ ಕೈಗಾರಿಕೆಗಳ ಸೌಲಭ್ಯ ಕಾಯ್ದೆಗೂ ತಿದ್ದುಪಡಿಯಾಗಿ, ಪ್ರಮಾಣಪತ್ರ ಸಲ್ಲಿಸಿದ ಉದ್ಯಮವು ಮೊದಲು ಕೆಲಸ ಆರಂಭಿಸಿ ಉಳಿದ ಅನುಮತಿಗಳನ್ನು ಗರಿಷ್ಠ ಮೂರು ವರ್ಷಗಳೊಳಗೆ ಪಡೆಯುವ ಅವಕಾಶ ದೊರೆಯಿತು. ಇದು ಇಲ್ಲಿಗಷ್ಟೇ ಸೀಮಿತವಾದ ಬೆಳವಣಿಗೆಯೂ ಅಲ್ಲ. ಬ್ರಿಟನ್ ತನ್ನ 2008ರ ಯೋಜನಾ ಕಾಯ್ದೆಯ ಮೂಲಕ ರಾಷ್ಟ್ರಮಟ್ಟದ ಮಹತ್ವವುಳ್ಳ ಇಂಧನ ಯೋಜನೆಗಳ ತೀರ್ಮಾನವನ್ನು ಪ್ರತ್ಯೇಕ ವ್ಯವಸ್ಥೆಗೆ ಒಪ್ಪಿಸಿತು.

ಸರಳೀಕರಣದ ಹಿಂದೆ ಕಾರಣಗಳಿಲ್ಲದಿಲ್ಲ. ರಾಜ್ಯದ 2022–27ರ ನವೀಕರಿಸಬಹುದಾದ ಇಂಧನ ನೀತಿಯು 10 ಗಿಗಾವ್ಯಾಟ್ ಹೆಚ್ಚುವರಿ ಸಾಮರ್ಥ್ಯದ ಗುರಿ ಇಟ್ಟುಕೊಂಡಿದೆ. ಪಂಪ್‌ಸೆಟ್ಟಿಗೆ ಹಗಲು ವಿದ್ಯುತ್ ಬೇಕೆಂದು ಕೇಳುವವರೂ ಇದೇ ಪಂಚಾಯಿತಿಗಳ ರೈತರು. ಕಡತವೊಂದು ಹತ್ತು ಕಚೇರಿಗಳಲ್ಲಿ ಧೂಳು ತಿನ್ನುವುದರಿಂದ ಯಾರಿಗೂ ಲಾಭವಿಲ್ಲ. ಆದರೆ ಮೇಲಿನ ಹಂತದಲ್ಲಿ ಒಂದು ಅನುಮತಿ ಇಲ್ಲವಾದಾಗ, ಆ ಅನುಮತಿಯ ನೆಪದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳು ಇಲ್ಲವಾಗುವುದಿಲ್ಲ. ಕುರಿಗಾಹಿಯ ದಾರಿ ಎಲ್ಲಿ, ಕೆರೆಗೆ ಹರಿಯುವ ಹಳ್ಳ ಯಾವುದು, ಕೂಲಿ ಕಳೆದುಕೊಳ್ಳುವವರು ಯಾರು ಎಂಬುವನ್ನು ಕೇಳುವ ಹೊಣೆ ಕೆಳಗಿನ ಹಂತಕ್ಕೆ, ಅಂದರೆ ಗ್ರಾಮ ಪಂಚಾಯಿತಿಗೆ ಇಳಿಯುತ್ತದೆ. ಇದನ್ನು ತಿಳಿಸುವ ಸುತ್ತೋಲೆ ಮಾತ್ರ ಯಾವ ಇಲಾಖೆಯಿಂದಲೂ ಬರುವುದಿಲ್ಲ.

ನೆರೆಯ ವಿಜಯಪುರ ಜಿಲ್ಲೆಯ ಕೂಡಗಿಯ ಉದಾಹರಣೆಯನ್ನು ಸದಸ್ಯರು ಬಲ್ಲರು. 2,400 ಮೆಗಾವ್ಯಾಟ್ ಸಾಮರ್ಥ್ಯದ ಎನ್‌ಟಿಪಿಸಿ ಶಾಖೋತ್ಪನ್ನ ಸ್ಥಾವರಕ್ಕೆ ಪರಿಸರ ಅನುಮತಿ ದೊರೆತ ಬಳಿಕ ಆ ಅನುಮತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲಾಯಿತು. ಯೋಜನೆಯ ದಾಖಲೆಗಳಲ್ಲಿ ಭೂಮಿಯ ಬಗೆಯನ್ನು ಸರಿಯಾಗಿ ತೋರಿಸಿಲ್ಲ, ಬೆಳೆ ತೆಗೆಯುವ ನೆಲವನ್ನು ಬರಡೆಂಬಂತೆ ಬಣ್ಣಿಸಲಾಗಿದೆ ಎಂಬುದು ಆ ವಿವಾದದ ಒಂದು ಮುಖ್ಯ ಅಂಶ. 2014ರ ಮಾರ್ಚ್‌ನಲ್ಲಿ ನ್ಯಾಯಮಂಡಳಿಯು ಅನುಮತಿಯನ್ನು ಅಮಾನತಿನಲ್ಲಿಟ್ಟು ಮರುಪರಿಶೀಲನೆಗೆ ಆದೇಶಿಸಿತು. ಅಷ್ಟರಲ್ಲಿ ಭೂಮಿ ಕೈಬಿಟ್ಟಾಗಿತ್ತು, ಕಾಮಗಾರಿ ಬಹುದೂರ ಸಾಗಿತ್ತು. 2018ರ ವೇಳೆಗೆ ಮೂರೂ ಘಟಕಗಳು ಉತ್ಪಾದನೆಯಲ್ಲಿದ್ದವು. ಇಲ್ಲಿ ಗಮನಿಸಬೇಕಾದದ್ದು ತೀರ್ಪಿಗಿಂತ ಅದರ ಕಾಲವನ್ನು. ಹೊಲದಲ್ಲಿ ಏನು ಬೆಳೆಯುತ್ತದೆ ಎಂಬುದು ಊರಿನ ಪ್ರತಿಯೊಬ್ಬನಿಗೂ ಗೊತ್ತಿರುವ ಸಂಗತಿ. ಆ ಸಂಗತಿ ಮೊದಲ ದಿನವೇ ಪಂಚಾಯಿತಿಯ ನಡವಳಿಯಲ್ಲಿ ಲಿಖಿತವಾಗಿದ್ದಿದ್ದರೆ ದೆಹಲಿಯ ತಜ್ಞರ ಮುಂದೆ ಅದಕ್ಕೊಂದು ಬೆಲೆ ಇರುತ್ತಿತ್ತು.

ಸಾರ್ವಜನಿಕ ಆಲಿಕೆ ಇರುವ ಯೋಜನೆಗಳಲ್ಲಿ ಪಂಚಾಯಿತಿಗೆ ಹಿಡಿದುಕೊಳ್ಳಲು ಕೆಲವು ಗಟ್ಟಿ ಹಿಡಿಗಳಿವೆ. ಕನಿಷ್ಠ 30 ದಿನಗಳ ಮುನ್ಸೂಚನೆ ಇರಬೇಕು. ಅಧ್ಯಯನದ ಸಾರಾಂಶ ಕನ್ನಡದಲ್ಲಿ ಲಭ್ಯವಿರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿಗೂ ಜಿಲ್ಲಾ ಪಂಚಾಯಿತಿಗೂ ತಲುಪಿರಬೇಕು. ಆಲಿಕೆಯ ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿಯದು. ನಡವಳಿಯನ್ನು ಸಭೆಯ ಕೊನೆಗೆ ಕನ್ನಡದಲ್ಲಿ ಓದಿ ಹೇಳಬೇಕು, ನಂತರ ಸಂಬಂಧಿಸಿದ ಪಂಚಾಯಿತಿ ಕಚೇರಿಯಲ್ಲಿಯೂ ಪ್ರದರ್ಶಿಸಬೇಕು. ಸಭೆಗೆ ಕೋರಂ ಎಂಬುದಿಲ್ಲ. ಆದ್ದರಿಂದ ಹತ್ತು ಜನ ಬಂದರೂ ಆಲಿಕೆ ಮುಗಿದಂತೆಯೇ. ಬಹಿಷ್ಕಾರ ಹಾಕಿ ಹೊರಗೆ ಕುಳಿತವರ ಮಾತು ನಡವಳಿಗೆ ಸೇರುವುದಿಲ್ಲ.

ಶಹಾಪುರ ತಾಲ್ಲೂಕಿನ ಗೋಗಿಯ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ ಯುರೇನಿಯಂ ನಿಕ್ಷೇಪವನ್ನು ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿದೆ. ಬಾವಿಯ ನೀರಿನ ಕುರಿತು ಊರವರ ಆತಂಕವೂ ಹಳೆಯದು. ಗಣಿಗಾರಿಕೆಗೆ ಪರಿಸರ ಅನುಮತಿ ಇಂದಿಗೂ ಬೇಕು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಕಚೇರಿ ಜ್ಞಾಪನವು ಪರಮಾಣು ಹಾಗೂ ನಿರ್ಣಾಯಕ ಖನಿಜಗಳ ಗಣಿಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿದೆ. ಅಂದರೆ ಶಾಮಿಯಾನ ಹಾಕಿ, ಮೈಕು ಕೊಟ್ಟು, ಊರವರ ಮಾತನ್ನು ಬರೆದುಕೊಳ್ಳುವ ಸಭೆ ಇಂತಹ ಗಣಿಗಳ ವಿಷಯದಲ್ಲಿ ಇನ್ನು ಕಡ್ಡಾಯವಲ್ಲ. ಗ್ರಾಮಸಭೆಯೊಂದೇ ಉಳಿದ ವೇದಿಕೆ. ಅದರ ಠರಾವಿಗೆ ಯೋಜನೆಯನ್ನು ತಡೆಯುವ ಬಲವಿಲ್ಲ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲವಾದ್ದರಿಂದ ಅಂತಹ ಪ್ರದೇಶಗಳ ಗ್ರಾಮಸಭೆಗಿರುವ ವಿಶೇಷಾಧಿಕಾರ ಇಲ್ಲಿನ ಸಭೆಗಳಿಗೆ ಲಭಿಸುವುದಿಲ್ಲ. ಠರಾವು ದಾಖಲೆಯಾಗಿ ನಿಲ್ಲುತ್ತದೆ. ತಜ್ಞರ ಸಮಿತಿಗೆ, ನ್ಯಾಯಾಲಯಕ್ಕೆ ಅದನ್ನು ಒಪ್ಪಿಸಬಹುದು.

ಸೌರ ಯೋಜನೆಗಳಿಗೆ ಬಂದರೆ, ತುಮಕೂರು ಜಿಲ್ಲೆಯ ಪಾವಗಡವೇ ಪಾಠಶಾಲೆ. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಉದ್ಯಾನ ಎದ್ದು ನಿಂತಿದೆ. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವಾರ್ಷಿಕ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಮೇಲಿಂದ ಮೇಲೆ ಬರ ಕಂಡ ಸೀಮೆಯಲ್ಲಿ ಭೂಮಾಲೀಕರಿಗೆ ಇದು ನಿಶ್ಚಿತ ಆದಾಯವಾಯಿತೆಂಬುದನ್ನು ಅಲ್ಲಗಳೆಯಲಾಗದು. ಭೂಮಿಯಿಲ್ಲದವರ ಲೆಕ್ಕ ಬೇರೆ. ಕಳೆ ಕೀಳುವ, ಕಡಲೆಕಾಯಿ ಬಿಡಿಸುವ ಕೂಲಿ ನಿಂತಿತು, ಕುರಿ ಮೇಯುವ ಬಯಲಿಗೆ ಬೇಲಿ ಬಂತು. ಗುತ್ತಿಗೆ ಪತ್ರದಲ್ಲಿ ಸಹಿ ಮಾಡುವವನು ಪಹಣಿದಾರ ಮಾತ್ರ; ಅದೇ ನೆಲವನ್ನು ನಂಬಿದ ಉಳಿದವರಿಗೆ ಆ ಪತ್ರದಲ್ಲಿ ಸ್ಥಾನವಿಲ್ಲ. 2013ರ ಭೂಸ್ವಾಧೀನ ಕಾಯ್ದೆಯು ಖಾಸಗಿ ಯೋಜನೆಗೆ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟರ ಒಪ್ಪಿಗೆಯನ್ನೂ ಸಾಮಾಜಿಕ ಪರಿಣಾಮ ಅಧ್ಯಯನವನ್ನೂ ಕೇಳುತ್ತದೆ. ಗುತ್ತಿಗೆಯ ದಾರಿಯಲ್ಲಿ ಇವೆರಡೂ ಎದುರಾಗುವುದಿಲ್ಲ.

ಹೀಗಿರುವಾಗ ಪಂಚಾಯಿತಿಯ ಕೈಯಲ್ಲಿ ಏನಿದೆ? ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಪ್ರಕರಣವು ಕಟ್ಟಡಗಳ, 66ನೆಯ ಪ್ರಕರಣವು ಕಾರ್ಖಾನೆ ಹಾಗೂ ಯಂತ್ರ ಸ್ಥಾಪನೆಯ ಅನುಮತಿಗೆ ಸಂಬಂಧಿಸಿವೆ. 199ನೆಯ ಪ್ರಕರಣದಡಿ ಕೃಷಿ ಕಂದಾಯಕ್ಕೆ ಒಳಪಡದ ಭೂಮಿ ಮತ್ತು ಕಟ್ಟಡಗಳಿಗೆ ತೆರಿಗೆ ವಿಧಿಸಬಹುದು. ಅರ್ಜಿ ಬಂದಾಗ ನಿರಾಕ್ಷೇಪಣಾ ಪತ್ರವನ್ನು ಒಂದು ಸಾಲಿನಲ್ಲಿ ಬರೆದುಕೊಡುವ ರೂಢಿಯೇ ಈ ಅಧಿಕಾರವನ್ನು ಪೊಳ್ಳಾಗಿಸುತ್ತದೆ. ಪತ್ರ ಕೊಡಲೇಬಾರದೆಂದಲ್ಲ. ಷರತ್ತುಗಳೊಂದಿಗೆ ಕೊಡಬಹುದು: ಬಂಡಿದಾರಿ ಮತ್ತು ಕುರಿದಾರಿಗೆ ಬೇಲಿ ಹಾಕುವಂತಿಲ್ಲ, ಹಳ್ಳದ ಹರಿವನ್ನು ತಿರುಗಿಸುವಂತಿಲ್ಲ, ಫಲಕ ತೊಳೆಯುವ ನೀರು ಎಲ್ಲಿಂದ ಬರುತ್ತದೆಂದು ಲಿಖಿತವಾಗಿ ತಿಳಿಸತಕ್ಕದ್ದು, ಕಾವಲು ಹಾಗೂ ಸ್ವಚ್ಛತೆಯ ಕೆಲಸದಲ್ಲಿ ಭೂರಹಿತ ಕುಟುಂಬಗಳಿಗೆ ಮೊದಲ ಆದ್ಯತೆ ನೀಡತಕ್ಕದ್ದು. ಗುತ್ತಿಗೆ ಮುಗಿದ ಮೇಲೆ ಕಾಂಕ್ರೀಟು ಬುನಾದಿಗಳನ್ನು ಕಿತ್ತು ನೆಲವನ್ನು ಉಳುಮೆಗೆ ಯೋಗ್ಯವಾಗಿ ಮರಳಿಸುವುದು ಯಾರ ಖರ್ಚಿನಲ್ಲಿ ಎಂಬ ಪ್ರಶ್ನೆಯನ್ನು ಸಹಿಗೆ ಮೊದಲು ಕೇಳಿಸಬೇಕಾದವರು ಪಂಚಾಯಿತಿಯವರೇ. 25 ವರ್ಷಗಳ ನಂತರ ಆ ಕಂಪನಿಯ ಹೆಸರು, ಮಾಲೀಕತ್ವ ಎಷ್ಟು ಬಾರಿ ಬದಲಾಗಿರುತ್ತದೋ ಹೇಳುವವರಿಲ್ಲ.

ವಿದ್ಯುತ್ ಮಾರ್ಗಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ, ಏಕೆಂದರೆ ರೈತರ ಹೆಚ್ಚಿನ ತಕರಾರು ಹುಟ್ಟುವುದು ಅಲ್ಲಿ. ವಿದ್ಯುತ್ ಕಾಯ್ದೆಯ 164ನೆಯ ಪ್ರಕರಣದಡಿ ಸರ್ಕಾರ ಆದೇಶಿಸಿದರೆ ಪ್ರಸರಣ ಕಂಪನಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳು ದೊರೆಯುತ್ತವೆ. ಆಗ ಹೊಲದಲ್ಲಿ ಟವರ್ ನಿಲ್ಲಿಸಲು ಮಾಲೀಕನ ಒಪ್ಪಿಗೆ ಬೇಕಾಗಿಲ್ಲ. ಪರಿಹಾರ ಸಾಲದೆನಿಸಿದರೆ ಜಿಲ್ಲಾ ನ್ಯಾಯಾಧೀಶರ ಬಳಿಗೆ ಹೋಗಬಹುದು. ಪರಿಹಾರದ ಪ್ರಮಾಣ ಮಾತ್ರ ಬದಲಾಗಿದೆ. 2015ರ ಕೇಂದ್ರ ಮಾರ್ಗಸೂಚಿಯು ಟವರ್ ಬುಡದ ಜಾಗಕ್ಕೆ ಭೂಮೌಲ್ಯದ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ. 15 ಎಂದಿತ್ತು. 2024ರ ಜೂನ್‌ನ ಮಾರ್ಗಸೂಚಿ ಅದನ್ನು ಕ್ರಮವಾಗಿ ಶೇ. 200 ಮತ್ತು ಶೇ. 30ಕ್ಕೆ ಏರಿಸಿತು. ಇದು ರಾಜ್ಯಗಳಿಗೆ ಸಲಹೆಯ ಸ್ವರೂಪದ್ದು. ಆದ್ದರಿಂದ ಮಾರ್ಗದ ಸಮೀಕ್ಷೆಗೆ ಬಂದವರನ್ನು ಯಾವ ಆದೇಶದ ಪ್ರಕಾರ, ಯಾವ ದರದಲ್ಲಿ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಲೇಸು. ಹಳೆಯ ದರಕ್ಕೆ ಒಪ್ಪಿ ಸಹಿ ಹಾಕಿದ ರೈತನಿಗೆ ಅನಂತರ ವಾದಿಸುವುದು ಕಷ್ಟ.

ತಂತಿಗಳು ಹಕ್ಕಿಗಳಿಗೂ ಅಪಾಯ. ದೊಡ್ಡ ಗಾತ್ರದ, ಹೊರಳಲು ನಿಧಾನಿಸುವ ಹಕ್ಕಿಗಳು ಎತ್ತರದ ತಂತಿಗೆ ಬಡಿದು ಸಾಯುತ್ತವೆ. ಎರ್ಲಡ್ಡು ಹಕ್ಕಿಯ ಉಳಿವಿಗಾಗಿ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ರಾಜಸ್ಥಾನ, ಗುಜರಾತಿನ ತಂತಿಗಳನ್ನು ನೆಲದಡಿ ಹಾಕಲು ಆದೇಶಿಸಿ, 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು. ಬೋನಾಳಕ್ಕೆ ಹಾರಿ ಬರುವ ಹೆಬ್ಬಾತುಗಳ ಹೆಸರಿನಲ್ಲಿ ಅಂತಹ ಆದೇಶವಿಲ್ಲ. 2017ರ ಜೌಗುಪ್ರದೇಶ ನಿಯಮಗಳೂ ನೀರಾವರಿಗೆಂದೇ ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಆದ್ದರಿಂದ ಕೆರೆ ತಾನಾಗಿಯೇ ಕಾನೂನಿನ ನೆರಳಲ್ಲಿದೆ ಎಂದು ನಂಬಿ ಕೂರುವಂತಿಲ್ಲ. ಹಾಗೆಂದು ದಾರಿ ಮುಚ್ಚಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ, ಎರಡೂ ಮನುಷ್ಯರು ಕಟ್ಟಿದವೇ, 2024ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿದವು. ಮಾಗಡಿಗೂ ಚಳಿಗಾಲದಲ್ಲಿ ಬರುವುದು ಇದೇ ಪಟ್ಟೆತಲೆ ಹೆಬ್ಬಾತು.

2002ರ ಜೀವವೈವಿಧ್ಯ ಕಾಯ್ದೆಯ 41ನೆಯ ಪ್ರಕರಣದಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿ ಅದರ ಕೆಲಸ. ಹಕ್ಕಿಗಳು ಯಾವ ತಿಂಗಳು ಬರುತ್ತವೆ, ಬೆಳಗ್ಗೆ ಯಾವ ದಿಕ್ಕಿನ ಹೊಲಗಳಿಗೆ ಮೇಯಲು ಹಾರುತ್ತವೆ, ಸಂಜೆ ಯಾವ ದಾರಿಯಲ್ಲಿ ಮರಳುತ್ತವೆ, ಕುರಿಹಿಂಡುಗಳು ಬೇಸಿಗೆಯಲ್ಲಿ ಎಲ್ಲಿ ತಂಗುತ್ತವೆ, ಕೆರೆಗೆ ನೀರು ತರುವ ಹಳ್ಳಗಳು ಯಾವ ಸರ್ವೆ ನಂಬರುಗಳನ್ನು ಹಾಯುತ್ತವೆ ಎಂಬಿಷ್ಟನ್ನು ಗ್ರಾಮ ನಕಾಶೆಯ ಮೇಲೆ ಗುರುತಿಸಿ, ಸಮಿತಿಯ ಸಹಿಯೊಂದಿಗೆ ಗ್ರಾಮಸಭೆಯಲ್ಲಿ ಓದಿ ನಡವಳಿಗೆ ಸೇರಿಸಲು ಸರ್ಕಾರದ ಹೊಸ ಆದೇಶವೇನೂ ಬೇಕಾಗಿಲ್ಲ. ನಕಾಶೆಯ ಒಂದು ಪ್ರತಿ ತಾಲ್ಲೂಕು ಪಂಚಾಯಿತಿಗೆ, ಒಂದು ಅರಣ್ಯ ಇಲಾಖೆಗೆ, ಒಂದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಗೆ ಹೋಗಬೇಕು. 15 ಕೋಟಿ ರೂಪಾಯಿವರೆಗಿನ ಪ್ರಸ್ತಾವಗಳು ಆ ಸಮಿತಿಯಲ್ಲಿಯೇ ತೀರ್ಮಾನವಾಗುತ್ತವೆ. ಅದಕ್ಕೂ ಮೇಲಿನವು ಬೆಂಗಳೂರಿಗೆ ಹೋಗುತ್ತವೆ. ಹೆಬ್ಬಾತುಗಳ ದಿಕ್ಕನ್ನು ಬರೆದುಕೊಳ್ಳಲು ಚಳಿಗಾಲವೇ ಬರಬೇಕು. ಹಳ್ಳ ಮತ್ತು ಕುರಿದಾರಿಗಳ ಗುರುತನ್ನು ಮುಂದಿನ ಗ್ರಾಮಸಭೆಗೆ ಮೊದಲೇ ಹಾಕಿ ಮುಗಿಸಬಹುದು.