ಹಳೆಯ ಯಂತ್ರಕ್ಕೆ ನ್ಯಾಯವಾದ ಬೆಲೆ ಯಾವುದು?



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಓಡಾಡುವ ನೀವು ರಸ್ತೆ ಬದಿಯ ಮರಗೆಲಸದ ಶೆಡ್ಡುಗಳನ್ನು ಕಂಡೇ ಇರುತ್ತೀರಿ. ಹಲಸು, ಹೆಬ್ಬಲಸು, ತೇಗದ ಹಲಗೆಗಳು ಗೋಡೆಗೆ ಒರಗಿರುತ್ತವೆ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕೆತ್ತನೆಯಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀ ಕುಂಜರವಿದೆ. ಅದನ್ನು ಕೆತ್ತಿದವರಿಗೆ ಉಳಿ, ಕೊಡತಿ ಸಾಕಾಗಿದ್ದವು. ಇಂದು ದಾರಂದ, ಬಾಗಿಲುಗಳನ್ನು ಹೇಳಿದ ದಿನಕ್ಕೆ ಮುಗಿಸಬೇಕಾದ ಬಡಗಿಗೆ ಹಲಗೆ ಮಟ್ಟ ಮಾಡುವ ಪ್ಲೇನರ್ ಬೇಕು, ಸೀಳುವ ಗರಗಸದ ಯಂತ್ರ ಬೇಕು. ಹೊಸದಕ್ಕೆ ಹಣ ಸಾಲದವನು ಹಳೆಯದನ್ನು ಹುಡುಕುತ್ತಾನೆ.

ಮಾರುವವರು ಯಾರು? ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ, ಶೆಡ್ಡು ಮುಚ್ಚಬೇಕಾಗಿ ಬಂದ ವಯಸ್ಸಾದ ಆಚಾರ್ರು ಇರಬಹುದು. ಅವರು ತೀರಿಕೊಂಡ ಮೇಲೆ ಯಂತ್ರದ ಹೆಸರೂ ಸರಿಯಾಗಿ ತಿಳಿಯದ ಅವರ ಮನೆಯವರಿರಬಹುದು. "ನೀವೇ ಒಂದು ರೇಟು ಹೇಳಿ ಮಾರಾಯ್ರೇ" ಎಂದು ಅವರು ಹೇಳಿದಾಗ ಏನು ಹೇಳಬೇಕು? ಕಡಿಮೆ ಹೇಳಿದರೆ ಅವರಿಗೆ ಮೋಸ, ಹೆಚ್ಚು ಹೇಳಿದರೆ ನಮಗೆ ನಷ್ಟ.

"ಹೊಸ ಬೆಲೆಯ ಅರ್ಧ" ಎಂಬ ಮಾತು ಬಹಳ ಬಳಕೆಯಲ್ಲಿದೆ. ಅದಕ್ಕೆ ಆಧಾರವೇನೂ ಇಲ್ಲ. ವಾಣಿಜ್ಯ ಓದುವವರು ಸವಕಳಿಯ ಲೆಕ್ಕ ಹಾಕಬಹುದು. 1 ಲಕ್ಷದ ಯಂತ್ರಕ್ಕೆ ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ಶೇ. 15ರಂತೆ ಕಳೆದರೆ 5 ವರ್ಷಕ್ಕೆ ಸುಮಾರು 44,400 ರೂಪಾಯಿ, 10 ವರ್ಷಕ್ಕೆ ಸುಮಾರು 19,700 ರೂಪಾಯಿ ಉಳಿಯುತ್ತದೆ. ಇದು ಪುಸ್ತಕದ ಬೆಲೆ. ಯಂತ್ರಕ್ಕೆ ತನ್ನ ವಯಸ್ಸು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ದುಡಿಯಿತು, ಎಷ್ಟು ಎಣ್ಣೆ ಕಂಡಿತು ಎಂಬುದು ಮಾತ್ರ. ದಪ್ಪ ಎರಕದ ಕಬ್ಬಿಣದ ಮೇಜು ಮೂವತ್ತು ವರ್ಷ ಬಾಳಿದರೆ ಆಶ್ಚರ್ಯವಿಲ್ಲ. ಬೇರಿಂಗು, ಬ್ಲೇಡು, ಬೆಲ್ಟು, ಮೋಟಾರಿನ ವೈಂಡಿಂಗು ಹಾಗಲ್ಲ.

ಆದ್ದರಿಂದ ಮೊದಲು ಯಂತ್ರವನ್ನು ನೋಡಬೇಕು. ನಮ್ಮ ಜಿಲ್ಲೆಯ ಮಳೆಗೆ ತುಕ್ಕು ಹಿಡಿಯದ ಕಬ್ಬಿಣ ಅಪರೂಪ. ಮೇಲ್ಮೈಯ ತುಕ್ಕು ಉಜ್ಜಿದರೆ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಗುಳಿ ಬಿದ್ದಿದ್ದರೆ ಮಾತ್ರ ಯೋಚಿಸಿ. ಉದ್ದನೆಯ ನೇರ ಉಕ್ಕಿನ ಪಟ್ಟಿಯನ್ನು ಮೇಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ, ಹಿಂದಿನಿಂದ ಟಾರ್ಚು ಬಿಡಿ. ಬೆಳಕು ನುಸುಳಿದ ಕಡೆ ಮೇಜು ತಗ್ಗಿದೆ. ಕರೆಂಟು ಪೂರ್ತಿ ಕಡಿತವಾಗಿದೆ ಎಂದು ಖಾತ್ರಿ ಮಾಡಿಕೊಂಡು, ಬೆಲ್ಟು ಕಳಚಿಸಿ, ಯಂತ್ರ ಬಲ್ಲವರಿಂದ ರಾಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿಸಿ. ಮರಳು ಅರೆದಂತೆ ಸದ್ದು ಬಂದರೆ ಬೇರಿಂಗು ಹೋಗಿದೆ. ಮೋಟಾರಿನ ಪಟ್ಟಿಯನ್ನೂ ಓದಿ. 5 ಹಾರ್ಸ್‌ಪವರ್ ಎಂದರೆ ಸುಮಾರು 3,730 ವಾಟ್. ಅಂಥ ಮೋಟಾರು ಸಾಮಾನ್ಯವಾಗಿ ತ್ರೀ ಫೇಸಿನದು. ನಿಮ್ಮಲ್ಲಿ ಸಿಂಗಲ್ ಫೇಸ್ ಮಾತ್ರ ಇದ್ದರೆ ಹೊಸ ಸಂಪರ್ಕದ ಖರ್ಚು ಕೊಳ್ಳುವವರ ತಲೆಗೇ ಬರುತ್ತದೆ. ಅದನ್ನು ಮಾರುವವರ ಬೆಲೆಯಿಂದ ಕಳೆಯುವುದು ನ್ಯಾಯವಲ್ಲ, ಏಕೆಂದರೆ ಅದು ಯಂತ್ರದ ದೋಷವಲ್ಲ.

ಬ್ಲೇಡಿನ ಕಾವಲು ತಗಡು ಇದೆಯೇ ನೋಡಿ. ಹಳೆಯ ಯಂತ್ರಗಳಲ್ಲಿ ಎಷ್ಟೋ ಸಲ ಅದನ್ನು ಬಿಚ್ಚಿ ಎಸೆದಿರುತ್ತಾರೆ. ಅಪಾಯಕಾರಿ ಭಾಗಗಳಿಗೆ ರಕ್ಷಣೆ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯಲ್ಲೇ ಬರೆದಿತ್ತು. ಕಾವಲು ಹಾಕಿಸುವ ಖರ್ಚನ್ನು ಧಾರಾಳವಾಗಿ ಕಳೆಯಿರಿ, ಬೆರಳಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಈಗ ಒಂದು ಲೆಕ್ಕ. ಅಂಕಿಗಳೆಲ್ಲ ಕೇವಲ ಉದಾಹರಣೆಗಾಗಿ. ಬೆಳ್ತಂಗಡಿಯಲ್ಲಿ ಒಂದು ಪ್ಲೇನರ್ ಮಾರಾಟಕ್ಕಿದೆ, ಕೊಳ್ಳುವವನು ಬಂಟ್ವಾಳದವನು. ಅದೇ ಅಳತೆಯ, ಚೆನ್ನಾಗಿ ಓಡುತ್ತಿರುವ ಹಳೆಯ ಯಂತ್ರ ಮೂರು ಕಡೆ ವಿಚಾರಿಸಿದಾಗ ಸುಮಾರು 65,000ಕ್ಕೆ ಹೋಗಿದೆ ಎನ್ನಿ. ಈ ಯಂತ್ರಕ್ಕೆ ಬೇರಿಂಗು 3,000, ಬ್ಲೇಡು 2,500, ಮೋಟಾರ್ ರಿವೈಂಡಿಂಗ್ 6,000, ಕಾವಲು 2,500, ಒಟ್ಟು 14,000 ಬೇಕು. ಉಳಿದದ್ದು 51,000. ಲಾರಿ ಮತ್ತು ಹೇರುವ ಕೂಲಿಯ 3,000 ಇಬ್ಬರೂ ಹಂಚಿಕೊಂಡರೆ 49,500. ಗುಜರಿಯವನು 400 ಕಿಲೋ ತೂಗಿ ಕಿಲೋಗೆ 30ರಂತೆ 12,000 ಕೊಟ್ಟಾನು. ಅದು ನೆಲಗಟ್ಟು, ಅದಕ್ಕಿಂತ ಕೆಳಗೆ ಯಾರೂ ಮಾರಬೇಕಾಗಿಲ್ಲ. ಮನೆಯವರಿಗೆ ಗೊತ್ತಿಲ್ಲವೆಂದು 20,000ಕ್ಕೆ ಎತ್ತಿಕೊಂಡು ಬರುವವನನ್ನು ಊರಿನಲ್ಲಿ ಜಾಣನೆನ್ನುತ್ತಾರೆ. ನಾನು ಹಾಗೆನ್ನಲಾರೆ. ಕೊಂಡವನೇ ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು, "ನೋಡಿ ಅಕ್ಕ, ಇಷ್ಟು ರಿಪೇರಿಗೆ, ಉಳಿದದ್ದು ನಿಮಗೆ" ಎಂದು ಅವರ ಮುಂದಿಟ್ಟರೆ ಚೌಕಾಸಿಗೆ ಹೆಚ್ಚು ಕೆಲಸವಿರುವುದಿಲ್ಲ.

ಕೊಳ್ಳುವವನ ಕಷ್ಟವೂ ಸಣ್ಣದಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೂ ಸಾಲವುಂಟು. ಮೊದಲ ಕಂತು 1 ಲಕ್ಷದವರೆಗೆ, ಬಡ್ಡಿ ಶೇ. 5, ತೀರಿಸುವ ಅವಧಿ 18 ತಿಂಗಳು. ಪೂರ್ತಿ 1 ಲಕ್ಷ ಪಡೆದರೆ ತಿಂಗಳಿಗೆ ಸುಮಾರು 5,780 ರೂಪಾಯಿ ಕಟ್ಟಬೇಕು. ಕೆಟ್ಟ ಯಂತ್ರ ಶೆಡ್ಡಿನಲ್ಲಿ ಸುಮ್ಮನೆ ಕುಳಿತರೂ ಕಂತು ನಿಲ್ಲುವುದಿಲ್ಲ.

ದಿಮ್ಮಿ ಸೀಳುವ ದೊಡ್ಡ ಬ್ಯಾಂಡ್ ಸಾ ಯಂತ್ರದ ಮಾತು ಬೇರೆ. ಪರವಾನಗಿಯಿಲ್ಲದ ಸಾಮಿಲ್ಲುಗಳು ನಡೆಯಬಾರದೆಂದು ಸುಪ್ರೀಂ ಕೋರ್ಟು 2002ರಲ್ಲಿ ಆದೇಶಿಸಿತು. ಯಂತ್ರ ಕೊಂಡ ಮಾತ್ರಕ್ಕೆ ಪರವಾನಗಿ ಕೈಗೆ ಬಂದಂತಲ್ಲ. ಅದಕ್ಕೆ ಬೆಲೆ ಕಟ್ಟುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿ.

ಬೆಲೆ ಒಪ್ಪಿಗೆಯಾದ ಮೇಲೆ, ಮುಂಗಡ ಕೊಡುವ ಮೊದಲು, ಬಲ್ಲ ಬಡಗಿಯೊಬ್ಬರನ್ನು ಕರೆದು ಗಟ್ಟಿ ಹಲಸಿನ ಹಲಗೆಯೊಂದನ್ನು ಯಂತ್ರಕ್ಕೆ ಕೊಡಿಸಿ ನೋಡಿ. ಮೆದು ಮರ ಯಾವ ಯಂತ್ರದಲ್ಲೂ ಚೆನ್ನಾಗಿಯೇ ಬರುತ್ತದೆ. ರಶೀದಿಯಲ್ಲಿ ಯಂತ್ರದ ಮತ್ತು ಮೋಟಾರಿನ ನಂಬರು, ಜೊತೆಗೆ ಬರುವ ಬಿಡಿ ಬ್ಲೇಡು, ಸ್ಪ್ಯಾನರುಗಳನ್ನೂ ಬರೆಸಿ. ಅವು ಹೆಚ್ಚಾಗಿ ಶೆಡ್ಡಿನ ಮೂಲೆಯ ಯಾವುದೋ ಡಬ್ಬಿಯಲ್ಲಿರುತ್ತವೆ. ಕೇಳಿದರೆ ಮಾತ್ರ ಸಿಗುತ್ತವೆ.