ಅಪ್ಪನ ಕೋವಿ ಯಾರದ್ದು?

ಈ ಸಲ ನನ್ನ ಹಿಂದೆ ಪುಸ್ತಕದ ಕಪಾಟು ಇಲ್ಲ, ಗಂಗೆ ಇದ್ದಾಳೆ. ನಾನು ಕೂತಿರೋದು ಕಾಶಿಯ ಹರಿಶ್ಚಂದ್ರ ಘಾಟ್‌ನ ಮೇಲಿನ ಮೆಟ್ಟಿಲ ಮೇಲೆ. ಕ್ಯಾಮೆರಾನ ಬೇಕಂತಲೇ ನದಿ ಕಡೆಗೆ ಇಟ್ಟಿದ್ದೀನಿ. ನನ್ನ ಎಡಗಡೆ ಕೆಳಗೆ ಚಿತೆಗಳು ಉರಿತಾ ಇವೆ, ಅಲ್ಲಿ ಬೇರೆಯವರ ಮನೆಯ ದುಃಖ ಇದೆ. ಅದನ್ನ ತೋರಿಸೋ ಹಕ್ಕು ನನಗಿಲ್ಲ. ಮಧ್ಯೆ ಸೌದೆ ಹೊತ್ತವರ ಕೂಗು, ದೋಣಿಯ ಮೋಟಾರ್ ಸದ್ದು ಕೇಳಿಸಿದ್ರೆ ಹೊಂದಿಕೊಳ್ಳಿ.

ಇವತ್ತು ಬೆಳಿಗ್ಗೆ ಅಪ್ಪನ ಅಸ್ಥಿ ಬಿಟ್ಟೆ. ಪಕ್ಕದಲ್ಲೇ ಕರ್ನಾಟಕ ಘಾಟ್ ಇದೆ, ಮೈಸೂರು ಸಂಸ್ಥಾನದ ಕಾಲದ್ದು. ಕನ್ನಡ ಬರೋ ಪುರೋಹಿತರು ಸಿಕ್ಕಿದ್ರು, ಎಲ್ಲ ಸುಸೂತ್ರವಾಗಿ ಆಯ್ತು. ಆದರೆ ನಾನು ಮಾತಾಡೋಕೆ ಹೊರಟಿದ್ದು ಅಸ್ಥಿ ಬಗ್ಗೆ ಅಲ್ಲ, ಒಂದು ಕೋವಿ ಬಗ್ಗೆ. ಇದೇನು, ಸ್ಮಶಾನದ ಮೆಟ್ಟಿಲ ಮೇಲೆ ಕೂತು ಕೋವಿ ಕತೆ ಅಂತೀರಾ? ಸ್ವಲ್ಪ ತಾಳ್ಮೆಯಿಂದ ಕೇಳಿ.

ನಮ್ಮೂರು ಸಕಲೇಶಪುರದಿಂದ ಒಳಗೆ. ಸಣ್ಣ ಕಾಫಿ ತೋಟ. 1956ರಲ್ಲಿ ಒಬ್ಬ ಇಂಗ್ಲಿಷ್ ಪ್ಲಾಂಟರ್ ತೋಟ ಮಾರಿ ಊರಿಗೆ ಹೊರಟಾಗ ನಮ್ಮಜ್ಜ ಅವನ ರೈಫಲ್ ಕೊಂಡ್ಕೊಂಡ್ರು. ವಿಂಚೆಸ್ಟರ್ ಮಾಡೆಲ್ 1895, ತೋಟಾ ಪಾಯಿಂಟ್ 405. ನಮ್ಮ ಕಡೆ ಎಲ್ಲರ ಮನೇಲೂ ಇರ್ತಿದ್ದದ್ದು ಕೇಪಿನ ಕೋವಿ, ಇಲ್ಲಾ ಜೋಡುನಳಿಗೆ ಕೋವಿ. ಲಿವರ್ ಇರೋ ರೈಫಲ್ ಅಪರೂಪ. ಟ್ರಿಗರ್ ಸುತ್ತ ಬೆರಳು ತೂರಿಸೋ ಉಕ್ಕಿನ ಬಳೆ ಥರ ಇರುತ್ತೆ ನೋಡಿ, ಕೌಬಾಯ್ ಸಿನಿಮಾದಲ್ಲಿ ಕೆಳಕ್ಕೆ ಎಳೆದು ಮೇಲಕ್ಕೆ ತಳ್ತಾರಲ್ಲ, ಅದೇ.

ನನ್ನ ಬಿ.ಇ. ಮೆಕ್ಯಾನಿಕಲ್. ಆಮೇಲೆ ಎಲ್ಲರ ಹಾಗೆ ಎಂಟೆಕ್ ಕಂಪ್ಯೂಟರ್ ಸೈನ್ಸ್ ಮಾಡಿ ಹೈದರಾಬಾದ್ ಸೇರಿದೆ. ಆದರೆ ಯಂತ್ರ ಅಂದ್ರೆ ಏನು ಅಂತ ನನಗೆ ಮೊದಲು ತಿಳಿದಿದ್ದು ಕಾಲೇಜಿನಲ್ಲಿ ಅಲ್ಲ, ಅಪ್ಪ ಆ ಲಿವರ್ ಎಳೆದು ತೋರಿಸಿದಾಗ. ಲಿವರ್ ಕೆಳಕ್ಕೆ ಬಂದ್ರೆ ಬೋಲ್ಟ್ ಹಿಂದಕ್ಕೆ ಸರಿಯುತ್ತೆ, ಹಾರಿಸಿದ ತೋಟಾದ ಖಾಲಿ ಚಿಪ್ಪು ಆಚೆ ಹಾರುತ್ತೆ, ಹ್ಯಾಮರ್ ಬಾಗಿ ನಿಲ್ಲುತ್ತೆ. ಮೇಲಕ್ಕೆ ತಳ್ಳಿದ್ರೆ ಹೊಸ ತೋಟಾ ನಳಿಗೆ ಒಳಗೆ ಹೋಗುತ್ತೆ. ಒಂದು ಕೈಯ ಒಂದು ಚಲನೆಗೆ ಇಷ್ಟೂ ಕೆಲಸ. ಹ್ಯಾಮರ್ ಹೊರಗೇ ಇರೋದ್ರಿಂದ ಕೋವಿ ಯಾವ ಸ್ಥಿತಿಯಲ್ಲಿದೆ ಅಂತ ಕಣ್ಣಿಗೇ ಕಾಣುತ್ತೆ. ನಮ್ಮ ಹಾಗೆ ರಾತ್ರಿ ಎರಡು ಗಂಟೆಗೆ ಎದ್ದು ಲಾಗ್ ನೋಡಬೇಕಾಗಿಲ್ಲ.

ಇನ್ನೊಂದು ಸ್ವಾರಸ್ಯ ಹೇಳ್ತೀನಿ. ಇದಕ್ಕಿಂತ ಹಳೇ ಲಿವರ್ ರೈಫಲ್‌ಗಳಲ್ಲಿ, ಉದಾಹರಣೆಗೆ 1873ರ ವಿಂಚೆಸ್ಟರ್‌ನಲ್ಲಿ, ತೋಟಾಗಳು ನಳಿಗೆಯ ಕೆಳಗಿನ ಒಂದು ಕೊಳವೆಯಲ್ಲಿ ಸಾಲಾಗಿ ಕೂರ್ತವೆ. ಹಿಂದಿನದರ ಮೂತಿ ಮುಂದಿನದರ ಬುಡಕ್ಕೆ ತಾಗಿಕೊಂಡೇ ಇರುತ್ತೆ. ಗುಂಡಿನ ಮೂತಿ ಚೂಪಾಗಿದ್ರೆ, ಕೋವಿ ಅದುರಿದಾಗ ಮುಂದಿನ ತೋಟಾದ ಕೇಪಿಗೆ ಚುಚ್ಚಿ ಕೊಳವೆ ಒಳಗೇ ಸಿಡಿಯೋ ಅಪಾಯ. ಅದಕ್ಕೇ ಮೊಂಡು ಗುಂಡು ಬಳಸ್ತಿದ್ರು. ಜಾನ್ ಬ್ರೌನಿಂಗ್ ಅನ್ನೋ ವಿನ್ಯಾಸಕಾರ 1895ರ ಮಾದರಿಯಲ್ಲಿ ಕೊಳವೆ ತೆಗೆದುಹಾಕಿ, ತೋಟಾಗಳನ್ನ ಒಂದರ ಮೇಲೊಂದು ಜೋಡಿಸೋ ಪೆಟ್ಟಿಗೆ ಇಟ್ಟ. ಚೂಪು ಗುಂಡು ಹಾಕಬಹುದಾಯ್ತು, ಹೆಚ್ಚು ಬಲದ ತೋಟಾನೂ ಹಾಕಬಹುದಾಯ್ತು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಒಯ್ದದ್ದು ಇದೇ ಮಾದರಿ, ಇದೇ 405.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಹತ್ರ ಇದ್ದದ್ದೂ ಇದೇ ರೈಫಲ್. ತೇಜಸ್ವಿಯವರು ಆಂಡರ್ಸನ್ ಬರೆದದ್ದನ್ನ ‘ಕಾಡಿನ ಕತೆಗಳು’ ಅಂತ ಕನ್ನಡಕ್ಕೆ ತಂದ್ರಲ್ಲ, ಹಾಸ್ಟೆಲ್‌ನಲ್ಲಿ ಓದಿರ್ತೀರಿ. ಅಪ್ಪ ಅದನ್ನ ಓದಿದ ಮೇಲೆ ಮನೆಗೆ ಬಂದವರಿಗೆಲ್ಲ ಒಂದೇ ಮಾತು: "ಆಂಡರ್ಸನ್ ಸಾಹೇಬರದ್ದೂ ಇದೇ ಕಣ್ರೀ." ಅದೇನೋ ಇಬ್ಬರೂ ಒಟ್ಟಿಗೆ ಶಿಕಾರಿ ಮಾಡಿದ ಹಾಗೆ.

ಆದರೆ ಅಪ್ಪನಿಗೆ ಆ ಕೋವಿ ಮೇಲೆ ಅಷ್ಟೊಂದು ಮಮತೆ ಯಾಕೆ ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಅಪ್ಪ ಎಡಚ. ಚಿಕ್ಕವನಿದ್ದಾಗ ಎಡಗೈಲಿ ಉಂಡಿದ್ದಕ್ಕೆ, ಎಡಗೈಲಿ ಬರೆದಿದ್ದಕ್ಕೆ ಹೊಡೆತ ತಿಂದವರು. ಕುಡುಗೋಲಿನ ಹಲ್ಲಿಂದ ಹಿಡಿದು ಕತ್ತರಿವರೆಗೂ ಎಲ್ಲ ಬಲಗೈಯವರಿಗೆ ಮಾಡಿದ್ದು. ಸಾಮಾನ್ಯ ರೈಫಲ್‌ನಲ್ಲೂ ಬೋಲ್ಟಿನ ಹಿಡಿ ಬಲಗಡೆಗೇ ಇರುತ್ತೆ. ಎಡಗೈಯವನು ಪ್ರತಿ ಸಲ ಕೈ ದಾಟಿಸಿ ತಡಕಾಡಬೇಕು. ಲಿವರ್ ಮಾತ್ರ ನಡುವೆ ಇರುತ್ತೆ, ಅದಕ್ಕೆ ಎಡ ಬಲ ಅನ್ನೋದಿಲ್ಲ. ಅಪ್ಪ ಒಂದು ಸಲ ಹೇಳಿದ್ರು: "ಈ ಮನೇಲಿ ನನ್ನ ಕೈ ಬದಲಾಯಿಸು ಅನ್ನದೇ ಇರೋದು ಇದೊಂದೇ."

ಹಾಗಂತ ಅಪ್ಪ ದೊಡ್ಡ ಬೇಟೆಗಾರ ಏನಲ್ಲ. ಅಜ್ಜ ಹುಲಿ ಹೊಡೆದು ಅದರ ಮೇಲೆ ಕಾಲಿಟ್ಟು ನಿಂತ ಫೋಟೋ ನಮ್ಮ ಜಗುಲಿಯಲ್ಲಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಅಪ್ಪನಿಗೆ ಇಪ್ಪತ್ತೆರಡು. ಕೆಲವು ವರ್ಷದ ಹಿಂದೆ ನನ್ನ ಮಗಳು ಆ ಫೋಟೋ ನೋಡಿ, "ಮುತ್ತಜ್ಜ ಹುಲೀನ ಯಾಕೆ ಸಾಯಿಸಿದ್ರು? ಅದೇನು ಮಾಡಿತ್ತು?" ಅಂತ ಕೇಳಿದ್ಲು. ಅಪ್ಪ ಉತ್ತರ ಕೊಡಲಿಲ್ಲ. ಮಾರನೇ ದಿನ ಫೋಟೋ ಅಲ್ಲಿರಲಿಲ್ಲ. ಕೋವಿ ಮಾತ್ರ ಇತ್ತು. ಪ್ರೀತಿ ಇದೆ ಅಂದ ಮಾತ್ರಕ್ಕೆ ಆ ನಳಿಗೆಯಿಂದ ಏನೇನಾಗಿದೆ ಅನ್ನೋದು ಅಳಿಸಿಹೋಗಲ್ಲ. ಅಪ್ಪನಿಗೂ ಅದು ಗೊತ್ತಿತ್ತು.

ಮತ್ತೆ ಆ ಕೋವಿಯಿಂದ ಏನು ಉಪಯೋಗ? ಏನೂ ಇಲ್ಲ. 405 ತೋಟಾ ನಮ್ಮ ದೇಶದಲ್ಲಿ ತಯಾರಾಗಲ್ಲ. ನಮ್ಮ ಮನೇಲಿ ಉಳಿದದ್ದು ಹನ್ನೊಂದು. ಆನೆ ಓಡಿಸೋಕೆ ಗರ್ನಾಲು ಹೊಡಿತೀವಿ. ವರ್ಷಕ್ಕೊಂದು ಸಲ ಆಯುಧ ಪೂಜೆಗೆ ಕೋವಿ ಹೊರಗೆ ಬರೋದು. ನಾವು ಆಫೀಸಲ್ಲಿ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು ಸೆಲ್ಫಿ ತೆಗೀತೀವಲ್ಲ, ಅದೇ ದಿನ ಅಪ್ಪ ಕೋವಿಗೆ ಸೇವಂತಿಗೆ ಹಾರ ಹಾಕ್ತಿದ್ರು. ಪಕ್ಕದ ಕೊಡಗಿನಲ್ಲಿ ಇದಕ್ಕೇ ಅಂತ ಬೇರೆ ಹಬ್ಬ ಇದೆ, ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್. ಕೋವಿಗೆ ಸಿಕ್ಕಿಸೋ ಹೂವಿಗೆ ಹೆಸರೇ ತೋಕ್ ಪೂ, ಅಂದ್ರೆ ಕೋವಿ ಹೂ. ಮನೇಲಿ ಸಾವಾದ್ರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸೋ ಪದ್ಧತಿ ಅವರದ್ದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿಯೂ ಇದೆ. ಗಡಿ ದಾಟಿ ಈ ಕಡೆ ಇರೋ ನಮಗೆ ಅದಿಲ್ಲ. ನಮ್ಮದು ಪರವಾನಗಿ, ನವೀಕರಣ, ಪ್ರತಿ ಚುನಾವಣೆಗೂ ಕೋವಿ ಒಯ್ದು ಠಾಣೆಗೆ ಒಪ್ಪಿಸಿ ರಸೀದಿ ತರೋದು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ. 2016ರ ಆಯುಧ ನಿಯಮಗಳ ಪ್ರಕಾರ, ಪರವಾನಗಿದಾರನಿಗೆ ಎಪ್ಪತ್ತು ವರ್ಷ ತುಂಬಿದ್ರೆ, ಅಥವಾ ಕೋವಿ ಇಪ್ಪತ್ತೈದು ವರ್ಷ ಅವನ ಹತ್ರ ಇದ್ದಿದ್ರೆ, ಬದುಕಿದ್ದಾಗಲೇ ಅದನ್ನ ವಾರಸುದಾರರ ಹೆಸರಿಗೆ ಮಾಡಿಕೊಡೋಕೆ ಅವಕಾಶ ಇದೆ. ಅಪ್ಪ ಎಪ್ಪತ್ತು ತುಂಬಿದ ಮೇಲೆ ಫೋನ್ ಮಾಡಿದ್ರು: "ಫಾರಂ ತಂದಿಟ್ಟಿದೀನಿ, ಬಾರೋ." "ಮುಂದಿನ ರಜಕ್ಕೆ ಬರ್ತೀನಪ್ಪ" ಅಂದೆ. ಮರುವರ್ಷ ಮತ್ತೆ ಕೇಳಿದ್ರು. "ರಿಲೀಸ್ ಇದೆ, ಮುಗೀಲಿ" ಅಂದೆ. ಮೂರನೇ ಸಲ ಅವರು ಕೇಳಲಿಲ್ಲ. ನಾಲ್ಕು ತಿಂಗಳ ಹಿಂದೆ ಹೋಗಿಬಿಟ್ರು.

ಪರವಾನಗಿದಾರ ಸತ್ತ ಮೇಲೆ ಕೋವಿ ಸುಮ್ಮನೆ ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಪರವಾನಗಿ ಇಲ್ಲದ ಬಂದೂಕು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ, ಅದು ಅಜ್ಜನದ್ದಾಗಲಿ ಮುತ್ತಜ್ಜನದ್ದಾಗಲಿ. ಹನ್ನೊಂದನೇ ದಿನದ ಕೆಲಸ ಮುಗಿಸಿ ನಾನೂ ತಂಗಿಯೂ ಠಾಣೆಗೆ ತಿಳಿಸಿ, ಪರವಾನಗಿ ಇರೋ ಬಂದೂಕಿನಂಗಡಿಯಲ್ಲಿ ಅದನ್ನ ಜಮಾ ಮಾಡಿದ್ವಿ. ಅಲ್ಲಿ ಕೂತಿದ್ದ ಒಬ್ಬ ಹಿರಿಯ ಪ್ಲಾಂಟರ್ "ಒಂದ್ಸಲ ಹಿಡ್ಕೋಬಹುದಾ?" ಅಂತ ಕೇಳಿದ್ರು. ಖಾಲಿ ಇದೆಯಾ ಅಂತ ಮೊದಲು ನೋಡಿದ್ರು. ಲಿವರ್ ಒಂದೇ ಒಂದು ಸಲ ಎಳೆದು ಬಿಟ್ರು, ಆ ಸದ್ದು ಕೇಳಿದ್ರು, ವಾಪಸ್ ಕೊಟ್ರು. "ಚೆನ್ನಾಗಿ ಇಟ್ಕೊಂಡಿದ್ದಾರೆ" ಅಂದ್ರು, ಅಷ್ಟೇ. ನನಗೆ ಹೆಮ್ಮೆ ಆಯ್ತು. ಪಕ್ಕದಲ್ಲಿ ತಂಗಿ ಏನೂ ಮಾತಾಡಲಿಲ್ಲ.

ಈಗ ವಾರಸುದಾರರು ಮೂವರು. ಅಮ್ಮ, ನಾನು, ತಂಗಿ. ಒಬ್ಬರ ಹೆಸರಿಗೆ ಆಗಬೇಕಾದ್ರೆ ಉಳಿದವರು ಆಕ್ಷೇಪಣೆ ಇಲ್ಲ ಅಂತ ಬರೆದುಕೊಡಬೇಕು. ಅಮ್ಮ "ಮಾರೋದು ಮಾತ್ರ ಬ್ಯಾಡ ಕಣೋ" ಅಂದು ಸುಮ್ಮನಾದ್ರು. ತಂಗಿ ಪತ್ರ ಟೈಪ್ ಮಾಡಿಸಿ ಕಳಿಸಿದ್ಲು, ಅರ್ಜಿದಾರಳು ಅವಳು. ಅದನ್ನ ಓದಿ ನನಗೆ ಒಂಥರಾ ಆಯ್ತು. ಮಗ ನಾನಲ್ವಾ? ಎಡಚ ನಾನಲ್ವಾ? ಆ ರೈಫಲ್ ಬಗ್ಗೆ ಇಷ್ಟೆಲ್ಲ ಓದಿರೋನು ನಾನಲ್ವಾ? ಪತ್ರ ಮೂರು ತಿಂಗಳಿಂದ ನನ್ನ ಬ್ಯಾಗಲ್ಲೇ ಇದೆ. ಈಗಲೂ ಇದೆ, ನೋಡಿ.

ಬೆಳಿಗ್ಗೆ ಪಿಂಡ ಇಡುವಾಗ ನನ್ನ ಎಡಗೈ ಮುಂದೆ ಹೋಯ್ತು. ಪುರೋಹಿತರು ಮೆತ್ತಗೆ "ಬಲಗೈ, ಬಲಗೈ" ಅಂದ್ರು. ಬದಲಾಯಿಸಿದೆ. ಆಮೇಲೆ ತಂಗಿಗೆ ಫೋನ್ ಮಾಡಿದೆ. "ಅಣ್ಣ, ಅಪ್ಪನ್ನ ನೀರಿಗೆ ಬಿಟ್ಯಾ?" ಅಂದ್ಲು. ಬಿಟ್ಟೆ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ವಿ. ಆಮೇಲೆ ಅವಳು ಪತ್ರದ ಮಾತೆತ್ತಲಿಲ್ಲ. "ಇಲ್ಲಿ ಮಳೆ ಬಿಟ್ಟಿಲ್ಲ ಕಣೋ. ಅಂಗಡಿಯವರು ಕೋವಿಗೆ ಎಣ್ಣೆ ಹಾಕ್ತಾರೋ ಇಲ್ವೋ. ನಳಿಗೆ ಒಳಗೆ ತುಕ್ಕು ಹಿಡಿದ್ರೆ ಕಷ್ಟ" ಅಂದ್ಲು.

ಆಗ ನೆನಪಾಯ್ತು. ಕಳೆದ ಚುನಾವಣೆ ಮುಗಿಸಿ ಬಂದ ಕೋವಿಗೆ ತುಕ್ಕಿನ ಚುಕ್ಕೆ ಬಂದಿತ್ತು. ಅಪ್ಪನ ಕೈ ಆಗಲೇ ನಡುಗ್ತಿತ್ತು. ಬಟ್ಟೆ ಸುತ್ತಿದ ಕಡ್ಡಿ ಹಿಡಿದು, ಹೊಲಿಗೆ ಮಷಿನ್ ಎಣ್ಣೆ ಹಾಕಿ, ಎರಡು ದಿನ ಕೂತು ಸರಿ ಮಾಡಿದ್ದು ಅವಳು. ಮಳೆಗಾಲದಲ್ಲಿ ಮರದ ಹಿಡಿಗೆ ಬೂಸ್ಟು ಹಿಡಿಯದ ಹಾಗೆ ಒರೆಸ್ತಿದ್ದದ್ದು ಅವಳು. ಹನ್ನೊಂದು ತೋಟಾ ಎಣಿಸಿ ಬರೆದಿಟ್ಟಿದ್ದೂ ಅವಳೇ. ಕಾಫಿ ಗಿಡಕ್ಕೆ ಔಷಧಿ, ಅಮ್ಮನ ಬಿಪಿ ಮಾತ್ರೆ, ಆಳುಗಳ ಬಟವಾಡೆ, ಇದೆಲ್ಲದರ ನಡುವೆ. ನಾನು ಆ ಕೋವಿಯ ಕತೆ ಪ್ರೀತಿಸಿದೆ. ಹೈದರಾಬಾದಲ್ಲಿ ಪಾರ್ಟಿಗಳಲ್ಲಿ "ನಮ್ಮನೇಲಿ ಒಂದು ವಿಂಚೆಸ್ಟರ್ ಇದೆ" ಅಂತ ಹೇಳಿ ಜನ ಬಾಯ್ಬಿಡೋದನ್ನ ಪ್ರೀತಿಸಿದೆ. ಎಣ್ಣೆ ಹಾಕಿದವಳು ಬೇರೆ.

ಇಲ್ಲಿ ಕೂತ್ಕೊಂಡು ಹರಿಶ್ಚಂದ್ರನ ನೆನಪು ಬರದೇ ಇರಲ್ಲ. ರಾಘವಾಂಕನ ಕಾವ್ಯದ ಹೆಸರು ಕೇಳದವರೂ ಅಣ್ಣಾವ್ರ 1965ರ ಸಿನಿಮಾ ನೋಡಿರ್ತಾರೆ. ನಾವು ಚಿಕ್ಕಂದಿನಿಂದ ಕಲಿತದ್ದು ಅವನು ಸುಳ್ಳು ಹೇಳಲಿಲ್ಲ ಅಂತ. ಇವತ್ತು ನನಗೆ ಕಂಡದ್ದು ಬೇರೆ. ರಾಜ್ಯ ಹೋಯ್ತು, ಹೆಂಡತಿ ಮಗನನ್ನ ಮಾರಿದ, ತನ್ನನ್ನೇ ವೀರಬಾಹುವಿಗೆ ಮಾರಿಕೊಂಡ. ಆಮೇಲೆ ಉಳಿದದ್ದು ಒಂದೇ, ಕಾಯೋ ಕೆಲಸ. ಈ ಸುಡುಗಾಡು ಅವನದ್ದಲ್ಲ, ಆದರೂ ಕಾಯ್ದ. ಕೆಳಗೆ ಡೋಮ್ ಜನ ಬಿದಿರ ಗಳು ಹಿಡಿದು ಚಿತೆ ಸರಿ ಮಾಡ್ತಾ ಇದ್ದಾರೆ. ಯಾರ ಅಪ್ಪನೋ ಏನೋ, ಪೂರ್ತಿ ಸುಡೋ ತನಕ ಬಿಟ್ಟು ಹೋಗಲ್ಲ.

ನಾನು ಏನನ್ನೂ ಕಾಯಲಿಲ್ಲ. ವಾರಸುದಾರ ಅಂತ ಮಾತ್ರ ಹೇಳಿಕೊಂಡೆ.

ಹಾಗಾಗಿ ಸೋಮವಾರ ನೋಟರಿ ಮುಂದೆ ಸೈನ್ ಮಾಡ್ತೀನಿ. ಪರವಾನಗಿ ಸಿಗುತ್ತೋ ಇಲ್ವೋ ಅಧಿಕಾರಿಗಳಿಗೆ ಬಿಟ್ಟದ್ದು. ಅರ್ಜಿ ಮಾತ್ರ ಅವಳದ್ದೇ. ಇದನ್ನ ಕ್ಯಾಮೆರಾ ಮುಂದೆ ಹೇಳ್ತಿರೋದು ದೊಡ್ಡಸ್ತಿಕೆಗೆ ಅಲ್ಲ. "ರಿಲೀಸ್ ಇದೆ, ಮುಗೀಲಿ" ಅಂತ ಇನ್ನೊಂದು ಸಲ ಅನ್ನಬಾರದು ಅಂತ. ಹರಿಶ್ಚಂದ್ರನ ಮೆಟ್ಟಿಲ ಮೇಲೆ ಕೂತು ಹೇಳಿ ಆಮೇಲೆ ತಪ್ಪೋದು ಸ್ವಲ್ಪ ಕಷ್ಟ.

ನಿಮ್ಮ ಮನೇಲಿ ಕೋವಿ ಇಲ್ಲದೇ ಇರಬಹುದು. ತೋಟ ಇರುತ್ತೆ, ಬಾವಿ ಇರುತ್ತೆ, ದೇವರ ಪೆಟ್ಟಿಗೆ ಇರುತ್ತೆ, ಅಪ್ಪನ ಹಳೇ ಸ್ಕೂಟರ್ ಇರುತ್ತೆ. ಪುಣೆಯಲ್ಲೋ ನ್ಯೂಜೆರ್ಸಿಯಲ್ಲೋ ಕೂತು ನಾವು ಅದನ್ನ ‘ನಮ್ಮದು’ ಅಂತೀವಿ. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿ, ಅದಕ್ಕೆ ಎಣ್ಣೆ ಹಾಕ್ತಿರೋರು ಯಾರು ಅಂತ ಕೇಳಿ. ಮನೇಲಿ ಕೋವಿಯೇ ಇದ್ದು ಅಪ್ಪನಿಗೆ ಎಪ್ಪತ್ತು ದಾಟಿದ್ರೆ, ಪರವಾನಗಿ ಪುಸ್ತಕ ಎಲ್ಲಿದೆ ಅಂತ ಕೇಳಿ. ಅವರು ಫಾರಂ ತಂದಿಟ್ಟಿದ್ರೆ, ಹೋಗಿ ಬನ್ನಿ.