ಮೈನಸ್ ನಂಬರ್ ಕೊಟ್ರೆ ಬಾಗಿಲು ತೆಗೀತಿದ್ದ ಕರ್ನಲ್

ಯಳಂದೂರಿನಿಂದ ಮಾತಾಡ್ತಿದ್ದೀನಿ. ಇವತ್ತು ನಿಮ್ಮ ಫೋನಿನ ಒಳಗಿನ ಲೆಕ್ಕದ ವಿಷಯ. ಬಿ.ಕಾಂ ಓದಿದವನಿಗೆ ಕರ್ನಲ್ ಉಸಾಬರಿ ಯಾಕೆ ಅಂತೀರಾ? ಇದು ಅಪ್ಪಟ ಲೆಕ್ಕಪತ್ರದ ಕಥೆ. ನಮ್ಮೂರಿಗೂ ಲೆಕ್ಕಕ್ಕೂ ಹಳೇ ನಂಟಿದೆ: 1807ರಲ್ಲಿ ಯಳಂದೂರನ್ನು ಜಾಗೀರಾಗಿ ಪಡೆದ ದಿವಾನ್ ಪೂರ್ಣಯ್ಯನವರು ಲೆಕ್ಕ ಬರೆದೇ ಮೇಲೆ ಬಂದವರು.

ಆಂಡ್ರಾಯ್ಡ್ ಫೋನಿನ ಬುಡದಲ್ಲಿರೋದು ಲಿನಕ್ಸ್ ಕರ್ನಲ್. ಅದರಲ್ಲಿ 2009ರಿಂದ 'ಪರ್ಫ್' ಅನ್ನೋ ವಿಭಾಗ ಇದೆ. ಪ್ರೊಸೆಸರ್ ಎಷ್ಟು ಸೈಕಲ್ ಓಡಿತು, ಎಷ್ಟು ಸಲ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಯ್ತು ಅಂತ ಕೌಂಟರ್‌ಗಳಲ್ಲಿ ಎಣಿಸೋದು ಅದರ ಕೆಲಸ. ಕೆಲವು ಕೌಂಟರ್ ಪ್ರೊಸೆಸರ್‌ನಲ್ಲೇ ಇರ್ತವೆ, ಕೆಲವನ್ನು ಕರ್ನಲ್ ತಾನೇ ಎಣಿಸುತ್ತೆ. ಬಗ್ ಇದ್ದದ್ದು ಈ ಎರಡನೇ ಗುಂಪಿನಲ್ಲಿ.

2013ರಲ್ಲಿ ಅಂಥ ಕೌಂಟರ್ 9 ಇದ್ದವು, ನಂಬರ್ 0ರಿಂದ 8. ಯಾವುದಾದ್ರೂ ಪ್ರೋಗ್ರಾಂ 'ಇಂಥ ನಂಬರಿನ ಕೌಂಟರ್ ಕೊಡು' ಅಂದ್ರೆ ಕರ್ನಲ್ ನೋಡ್ತಿದ್ದದ್ದು ಒಂದೇ: 9 ಅಥವಾ ಅದಕ್ಕಿಂತ ಜಾಸ್ತಿ ಇದ್ಯಾ? ಸೊನ್ನೆಗಿಂತ ಕಮ್ಮಿ ಇದ್ಯಾ ಅಂತ ನೋಡ್ತಿರಲಿಲ್ಲ. ಆ ನಂಬರನ್ನು ಕೋಡ್‌ನಲ್ಲಿ 'ಇಂಟ್' ಅಂತ ಬರೆದಿದ್ರು, ಅಂದ್ರೆ ಮೈನಸ್ಸೂ ಆಗಬಹುದಾದ ಸಂಖ್ಯೆ. ಮೈನಸ್ ಬಂದ್ರೆ ಪಾಸ್! ಲೆಡ್ಜರಿನ ಮೊದಲ ಪುಟಕ್ಕೂ ಹಿಂದಿನ, ತನ್ನದಲ್ಲದ ಮೆಮೊರಿಯಲ್ಲಿ ಕರ್ನಲ್ ಹೋಗಿ ಅಂಕಿ ತಿದ್ದುತ್ತಿತ್ತು. ಚಾಲಾಕಿ ಪ್ರೋಗ್ರಾಂ ಒಂದು ಇದನ್ನೇ ಹಿಡಿದು ಇಡೀ ಸಿಸ್ಟಮ್ ವಶ ಮಾಡ್ಕೋಬಹುದಿತ್ತು.

ಕರ್ನಲ್‌ಗೆ ಅಡ್ಡಾದಿಡ್ಡಿ ಬೇಡಿಕೆ ಕಳಿಸಿ ಪರೀಕ್ಷಿಸೋ 'ಟ್ರಿನಿಟಿ' ಅನ್ನೋ ಟೂಲ್ ಇದನ್ನು ಬಯಲಿಗೆಳೀತು. 2013ರ ಏಪ್ರಿಲ್‌ನಲ್ಲಿ ಟೋಮಿ ರಂತಲ ಅನ್ನೋ ಡೆವಲಪರ್ ಸರಿಮಾಡಿದ್ರು. ಹೇಗೆ? 'ಇಂಟ್' ತೆಗೆದು 'ಯು64' ಹಾಕಿದ್ರು, ಮೈನಸ್ಸೇ ಇಲ್ಲದ 64 ಬಿಟ್ ಸಂಖ್ಯೆ. ಬದಲಾದದ್ದು ಒಂದೇ ಪದ.

ಕಥೆ ಅಲ್ಲಿಗೆ ಮುಗೀಲಿಲ್ಲ. ತಿದ್ದುಪಡಿಯ ಟಿಪ್ಪಣಿಯಲ್ಲಿ ಇದು ಭದ್ರತೆಯ ವಿಷಯ ಅಂತ ಬರೆದಿರಲಿಲ್ಲ. ಮೇ ತಿಂಗಳಲ್ಲಿ ದಾಳಿಯ ಕೋಡ್ ಬಹಿರಂಗ ಆಯ್ತು. ಸಿವಿಇ-2013-2094 ಅಂತ ಹೆಸರಾಯ್ತು, ಆಂಡ್ರಾಯ್ಡ್ ಫೋನ್‌ಗಳಿಗೂ ತಟ್ಟಿತು.

ನೋಡಿ, ರಿಪೇರಿ ಆಗೋದು ಬೇರೆ, ಅದು ನಿಮ್ಮ ಕೈಗೆ ತಲುಪೋದು ಬೇರೆ. ಕರ್ನಲ್‌ನಿಂದ ಫೋನ್ ಕಂಪನಿಗೆ, ಕಂಪನಿಯಿಂದ ನಿಮಗೆ ಬರಬೇಕು. ಹಳೇ ಮಾಡೆಲ್‌ಗೆ ಕಂಪನಿ ಅಪ್‌ಡೇಟ್ ನಿಲ್ಲಿಸಿದ್ರೆ ದಾರಿ ಅಲ್ಲೇ ಕಟ್. ಅಣ್ಣನ ಹಳೇ ಫೋನ್ ತಮ್ಮನಿಗೆ ಬರೋ ಮನೆಗಳು ನಮ್ಮವು. ಅದೇ ಫೋನಲ್ಲಿ ಯುಪಿಐ, ಅದೇ ಫೋನಲ್ಲಿ ಒಟಿಪಿ.

ಹಾಗಾಗಿ ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯುರಿಟಿ ಅಪ್‌ಡೇಟ್‌ನ ತಾರೀಖು ನೋಡಿ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋ ಮುಂಚೆ ಆ ತಾರೀಖು ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.